ಆರೋಗ್ಯ ವಿಮೆಯ ಕ್ಲೇಮು ಏಕೆ ತಿರಸ್ಕಾರವಾಗುತ್ತದೆ? ಎಐ ಅದನ್ನು ಎಲ್ಲಿ ತಡೆಯಬಲ್ಲದು?

ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ರೌಂಡ್ಸ್‌ಗೆ ಬಂದು "ಇವತ್ತು ಮನೆಗೆ ಹೋಗಬಹುದು" ಎನ್ನುತ್ತಾರೆ. ಬಟ್ಟೆ, ಫ್ಲಾಸ್ಕು, ಚಾರ್ಜರು ಎಲ್ಲ ಬ್ಯಾಗು ಸೇರುತ್ತವೆ. ಸಂಜೆ ನಾಲ್ಕಾದರೂ ಬಿಲ್ಲಿಂಗ್ ಕೌಂಟರಿನಿಂದ ಕರೆ ಇಲ್ಲ. ಇನ್ಶೂರೆನ್ಸ್ ಡೆಸ್ಕಿಗೆ ಹೋಗಿ ಕೇಳಿದರೆ "ಟಿಪಿಎ ಕಡೆಯಿಂದ ಕ್ವೆರಿ ಬಂದಿದೆ, ಉತ್ತರ ಹಾಕಿದ್ದೇವೆ" ಎನ್ನುತ್ತಾರೆ. ರಾತ್ರಿ ಎಂಟರ ಹೊತ್ತಿಗೆ ಇನ್ನೊಂದು ಮಾತು: "ಅಪ್ರೂವಲ್ ಆಗಲಿಲ್ಲ. ಸದ್ಯಕ್ಕೆ ನೀವೇ ಕಟ್ಟಿಬಿಡಿ, ಆಮೇಲೆ ನೋಡೋಣ." ವರ್ಷವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದವರು ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿ ರದ್ದಾಯಿತು. ಪಾಲಿಸಿ ಮಾಡಿಸಬೇಕೇ ಬೇಡವೇ ಎಂದು ಹಿಂದೆಮುಂದೆ ನೋಡುತ್ತಿದ್ದವರಿಗೂ ಈಗ ಅದು ಸ್ವಲ್ಪ ಕೈಗೆಟುಕುತ್ತದೆ. ಆದರೆ ಕಟ್ಟಿದ ಮೇಲೆ ಬೇಕಾದಾಗ ಹಣ ಬರುತ್ತದೆಯೇ ಎಂಬ ಅನುಮಾನ ಹಾಗೇ ಉಳಿದಿದೆ. ಅದಕ್ಕೆ ಕಾರಣವೂ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯ 2023–24ರ ವಾರ್ಷಿಕ ವರದಿಯ ಪ್ರಕಾರ ಆ ವರ್ಷ ಬಂದ ಆರೋಗ್ಯ ಕ್ಲೇಮುಗಳ ಒಟ್ಟು ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಪಾವತಿಯಾದದ್ದು ಸುಮಾರು 83 ಸಾವಿರ ಕೋಟಿ. ಹತ್ತಿರಹತ್ತಿರ 11 ಸಾವಿರ ಕೋಟಿ ರೂಪಾಯಿಯ ಕ್ಲೇಮುಗಳು ಪೂರ್ತಿ ತಿರಸ್ಕಾರವಾದವು. ಇನ್ನೂ 15 ಸಾವಿರ ಕೋಟಿಯಷ್ಟನ್ನು ಪಾಲಿಸಿಯ ಷರತ್ತಿನ ಹೆಸರಿನಲ್ಲಿ ಕಂಪನಿಗಳು ಒಪ್ಪಲಿಲ್ಲ.

ಈ ನಷ್ಟ ತಡೆಯಲು ಆಸ್ಪತ್ರೆಗಳು ಕೃತಕ ಬುದ್ಧಿಮತ್ತೆ, ಅಂದರೆ ಎಐ, ಬಳಸತೊಡಗಿವೆ. ರೋಗಿಗಳ ಮನೆಯವರೂ ಫೋನಿನಲ್ಲಿರುವ ಎಐಯನ್ನು ಕೇಳತೊಡಗಿದ್ದಾರೆ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ತಿಳಿಯಬೇಕಾದರೆ ಕ್ಲೇಮಿನ ಕಾಗದಗಳು ನಡೆಯುವ ದಾರಿಯನ್ನು ಮೊದಲು ನೋಡಬೇಕು.

ಕಾಗದ ನಡೆಯುವ ದಾರಿ

ರೋಗಿ ದಾಖಲಾದೊಡನೆ ಆಸ್ಪತ್ರೆಯವರು "ಇಂಥ ಕಾಯಿಲೆ, ಇಂಥ ಚಿಕಿತ್ಸೆ, ಇಷ್ಟು ಖರ್ಚಾಗಬಹುದು" ಎಂದು ವಿಮಾ ಕಂಪನಿಗೆ ಒಂದು ಕೋರಿಕೆ ಕಳಿಸುತ್ತಾರೆ. ಆಸ್ಪತ್ರೆಯ ಭಾಷೆಯಲ್ಲಿ ಅದು ಪ್ರೀ-ಆಥ್. ಅದನ್ನು ಓದುವವರು ಕಂಪನಿಯ ಸ್ವಂತ ಸಿಬ್ಬಂದಿ ಇರಬಹುದು, ಇಲ್ಲವೇ ಕಂಪನಿಯ ಪರವಾಗಿ ಕಾಗದ ಪರಿಶೀಲಿಸುವ ಟಿಪಿಎ ಎಂಬ ಸಂಸ್ಥೆ ಇರಬಹುದು. ಅನುಮಾನ ಬಂದರೆ ಅವರು ಕೇಳುವ ಪ್ರಶ್ನೆಯೇ ಕ್ವೆರಿ. ಮನೆಗೆ ಹೊರಡುವಾಗ ಡಾಕ್ಟರು ಬರೆದುಕೊಡುವ ಚಿಕಿತ್ಸೆಯ ಸಾರಾಂಶ ಡಿಸ್ಚಾರ್ಜ್ ಸಮರಿ. ಅದು ಮತ್ತು ಅಂತಿಮ ಬಿಲ್ಲು ಸೇರಿ ಮತ್ತೊಮ್ಮೆ ಕಂಪನಿಗೆ ಹೋಗುತ್ತವೆ. ಒಪ್ಪಿದರೆ ಕಂಪನಿಯೇ ಆಸ್ಪತ್ರೆಗೆ ಹಣ ಕಟ್ಟುತ್ತದೆ, ಅದು ಕ್ಯಾಶ್‌ಲೆಸ್. ನಾವು ಕಟ್ಟಿ ಆಮೇಲೆ ವಾಪಸ್ ಕೇಳುವುದು ರಿಇಂಬರ್ಸ್‌ಮೆಂಟ್.

ಕಂಪನಿಯ ಮೇಜಿನಲ್ಲಿ ಕುಳಿತವರು ರೋಗಿಯನ್ನು ಕಂಡಿರುವುದಿಲ್ಲ. ಅವರ ಪಾಲಿಗೆ ಕಾಗದದಲ್ಲಿ ಇದ್ದದ್ದೇ ಕಾಯಿಲೆ, ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ.

ಕ್ಲೇಮು ಮುಗ್ಗರಿಸುವ ಜಾಗಗಳು

ಕಾಯುವ ಅವಧಿ ಮೊದಲನೆಯದು. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟರೆ ಬೇರೆ ಕ್ಲೇಮು ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮಂಡಿ ಬದಲಾವಣೆಯಂಥವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷ, ಅದಕ್ಕೂ ಹಿಂದೆ ನಾಲ್ಕು ವರ್ಷವಿತ್ತು.

ಎರಡನೆಯದು, ಇದ್ದ ಕಾಯಿಲೆಯನ್ನು ಹೇಳಲಿಲ್ಲ ಎಂಬ ಆರೋಪ. ಇದು ಹೇಗೆ ಹುಟ್ಟುತ್ತದೆ ನೋಡಿ. ದಾಖಲಾಗುವಾಗ ಡ್ಯೂಟಿ ಡಾಕ್ಟರು ಅಜ್ಜಿಯನ್ನು "ಶುಗರ್ ಎಷ್ಟು ವರ್ಷದಿಂದ ಇದೆ?" ಎಂದು ಕೇಳುತ್ತಾರೆ. ಅಜ್ಜಿ "ಅಯ್ಯೋ, ತುಂಬಾ ವರ್ಷ ಆಯ್ತಪ್ಪ" ಎನ್ನುತ್ತಾರೆ. ಡಾಕ್ಟರು ಅಂದಾಜಿನಲ್ಲಿ ಹತ್ತು ವರ್ಷ ಎಂದು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ನಿಜಕ್ಕೂ ಶುಗರ್ ಗೊತ್ತಾಗಿದ್ದು ನಾಲ್ಕು ವರ್ಷದ ಹಿಂದೆ, ಪಾಲಿಸಿಗೆ ಐದು ವರ್ಷ ತುಂಬಿದ್ದಿದ್ದರೆ ಚಿಂತೆಯಿರಲಿಲ್ಲ, ಆದರೆ ಆಗಿರುವುದು ನಾಲ್ಕೂವರೆ. ಕಾಗದ ನೋಡಿದ ಕಂಪನಿಗೆ ಕಾಣುವುದು ಒಂದೇ: ಪಾಲಿಸಿಗಿಂತ ಮೊದಲೇ ಶುಗರ್ ಇತ್ತು, ಮುಚ್ಚಿಟ್ಟಿದ್ದಾರೆ. ಕನ್ನಡದಲ್ಲಿ ಆಡಿದ ಒಂದು ಸಡಿಲ ಮಾತು ಇಂಗ್ಲಿಷಿನ ಗಟ್ಟಿ ಅಂಕಿಯಾಗಿ ಕೂತುಬಿಡುವ ಈ ಕ್ಷಣವೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವಂಥದ್ದು, ಏಕೆಂದರೆ ಇಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಐದು ವರ್ಷ ಎಂದೆನಲ್ಲ, ಅದಕ್ಕೆ ಕಾರಣವಿದೆ: ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾಗದ ಹೊರತು, "ಹೇಳಲಿಲ್ಲ" ಎಂಬ ನೆಪದಲ್ಲಿ ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ.

ಮೂರನೆಯದು "ಆಸ್ಪತ್ರೆಗೆ ಸೇರುವ ಅಗತ್ಯವೇ ಇರಲಿಲ್ಲ" ಎನ್ನುವುದು. ಬರೀ ಪರೀಕ್ಷೆಗಾಗಿ ಸೇರಿದ್ದು, ಮನೆಯಲ್ಲೇ ಮಾತ್ರೆ ತೆಗೆದುಕೊಂಡರೆ ಸಾಕಿತ್ತು ಎಂಬ ವಾದ. ಜ್ವರದ ಕ್ಲೇಮುಗಳಲ್ಲಿ ಇದು ಬರುತ್ತಲೇ ಇರುತ್ತದೆ.

ಹೆಸರು, ದಿನಾಂಕ, ಸಹಿ, ರಿಪೋರ್ಟು ತಾಳೆಯಾಗದಿರುವುದನ್ನು ಬಿಡಿಸಿ ಹೇಳಬೇಕಿಲ್ಲ. ಪಾಲಿಸಿಯಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮೀದೇವಮ್ಮ, ಅಷ್ಟು ಸಾಕು.

ಪೂರ್ತಿ ತಿರಸ್ಕಾರವಲ್ಲದಿದ್ದರೂ ಕೈ ಕಚ್ಚುವ ಇನ್ನೊಂದಿದೆ: ರೂಮ್ ರೆಂಟ್. 5 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ಮಿತಿ ಶೇ 1, ಅಂದರೆ 5,000 ರೂಪಾಯಿ ಎಂದುಕೊಳ್ಳಿ. ನೀವು 8,000ದ ರೂಮಿಗೆ ಹೋದಿರಿ. ಹೆಚ್ಚುವರಿ 3,000 ಮಾತ್ರ ನಮ್ಮ ತಲೆಗೆ ಬರುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಸರ್ಜನ್ ಶುಲ್ಕ, ಓಟಿ, ನರ್ಸಿಂಗ್ ಎಲ್ಲವನ್ನೂ ಕಂಪನಿ ಎಂಟರಲ್ಲಿ ಐದು ಪಾಲಿಗೆ ಇಳಿಸಬಹುದು. ಆ ಖರ್ಚು 1,60,000 ಇದ್ದರೆ ಸಿಗುವುದು 1,00,000. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆ, ಐಸಿಯು ಶುಲ್ಕಕ್ಕೆ ಈ ಕಡಿತ ಅನ್ವಯಿಸಬಾರದು ಎಂದು ನಿಯಮವಿದೆ. ಬಿಲ್ಲಿನಲ್ಲಿ ಅದನ್ನು ಗಮನಿಸುವವರು ಕಡಿಮೆ.

ಪತ್ರ ಬರಹಗಾರರ ಕಣ್ಣು

ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರರನ್ನು ನೆನೆಸಿಕೊಳ್ಳಿ. ಮೂವತ್ತು ವರ್ಷ ಅದೇ ಕೆಲಸ ಮಾಡಿದವರಿಗೆ ನಿಮ್ಮ ಕಾಗದಗಳನ್ನು ಒಮ್ಮೆ ತಿರುವಿ ಹಾಕಿದರೆ ಸಾಕು. "ಪಹಣಿಯಲ್ಲಿ ಶಿವಪ್ಪ ಅಂತಿದೆ, ಆಧಾರಿನಲ್ಲಿ ಶಿವಣ್ಣ. ಇದು ಒಳಗೆ ಹೋದರೆ ವಾಪಸ್ ಬರುತ್ತೆ. ಮೊದಲು ಇದನ್ನು ಸರಿ ಮಾಡಿಸಿಕೊಂಡು ಬನ್ನಿ" ಎನ್ನುತ್ತಾರೆ. ಒಳಗೆ ಹೋಗಿ ಬಂದ ಸಾವಿರಾರು ಕಾಗದಗಳಲ್ಲಿ ಯಾವುದು ನಿಂತಿತು, ಯಾವುದು ಮರಳಿತು ಎಂದು ಅವರು ಕಂಡಿದ್ದಾರೆ. ಆ ಕಂಡದ್ದೇ ಅವರ ಬಂಡವಾಳ.

ಕ್ಲೇಮಿನಲ್ಲಿ ಎಐ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅದರ ಮೊದಲ ಕೆಲಸ ಓದುವುದು. ಸ್ಕ್ಯಾನ್ ಮಾಡಿದ ಕೇಸ್ ಶೀಟು, ಲ್ಯಾಬ್ ರಿಪೋರ್ಟು, ಒಂದು ಮಟ್ಟಿಗೆ ಡಾಕ್ಟರ ಕೈಬರಹವನ್ನೂ ಅದು ಅಕ್ಷರಕ್ಕಿಳಿಸುತ್ತದೆ. ಆಮೇಲೆ ತಾಳೆ ನೋಡುತ್ತದೆ: ಪಾಲಿಸಿಯ ನಲವತ್ತು ಪುಟದ ಷರತ್ತುಗಳು ಒಂದು ಕಡೆ, ಈ ರೋಗಿಯ ಕಾಗದ ಇನ್ನೊಂದು ಕಡೆ. ಕಾಯುವ ಅವಧಿ ಮುಗಿದಿದೆಯೇ, ರೂಮಿನ ದರ ಮಿತಿಯೊಳಗಿದೆಯೇ, ಬಲಗಾಲಿನ ಆಪರೇಷನ್ನಿಗೆ ಎಡಗಾಲಿನ ಎಕ್ಸ್‌ರೇ ಲಗತ್ತಾಗಿದೆಯೇ ಎಂಬುದೆಲ್ಲ ಇಲ್ಲಿ ಹೊರಬೀಳುತ್ತದೆ.

ಮೂರನೆಯದು ಅಂದಾಜು. ಹಿಂದೆ ಒಪ್ಪಿತವಾದ ಮತ್ತು ತಿರಸ್ಕಾರವಾದ ಲಕ್ಷಾಂತರ ಕ್ಲೇಮುಗಳನ್ನು ಯಂತ್ರಕ್ಕೆ ತೋರಿಸಿದರೆ ಯಾವ ಲಕ್ಷಣಗಳು ಜೊತೆಗೂಡಿದಾಗ ತಿರಸ್ಕಾರ ಬರುತ್ತದೆ ಎಂಬ ಜಾಡು ಅದಕ್ಕೆ ಸಿಗುತ್ತದೆ. ಹೊಸ ಕ್ಲೇಮು ಬಂದಾಗ "ಇದಕ್ಕೆ ಅಪಾಯ ಹೆಚ್ಚು, ಕಾರಣ ಇಂಥದ್ದು" ಎಂದು ಅಂಕ ಕೊಡುತ್ತದೆ. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಬೇಕು. ಯಂತ್ರ ಕಲಿತಿರುವುದು ಕಂಪನಿಗಳ ರೂಢಿಯನ್ನು, ನ್ಯಾಯವನ್ನಲ್ಲ. ಹಿಂದೆ ಯಾವುದೋ ಬಗೆಯ ಕ್ಲೇಮುಗಳು ಅನ್ಯಾಯವಾಗಿ ತಿರಸ್ಕಾರವಾಗಿದ್ದರೆ ಅವನ್ನೂ "ಹಣ ಬರದ ಕ್ಲೇಮು" ಎಂದೇ ಅದು ಗುರುತಿಸುತ್ತದೆ.

ಕೊನೆಯದು ಬರೆಯುವ ಕೆಲಸ: ಕ್ವೆರಿಗೆ ಉತ್ತರ, ಮೇಲ್ಮನವಿಯ ಕರಡು. ಚಾಟ್‌ಜಿಪಿಟಿಯಂಥವುಗಳಿಂದ ನಮಗೆಲ್ಲ ಪರಿಚಯವಾದದ್ದು ಎಐಯ ಈ ಮುಖ.

ಒಂದು ಡೆಂಗಿ ಜ್ವರ, ಎರಡು ಕಾಗದ

ಮಳೆಗಾಲದಲ್ಲಿ ಡೆಂಗಿಯಾಗಿ ಯುವಕನೊಬ್ಬ ಆಸ್ಪತ್ರೆ ಸೇರಿದ ಎಂದುಕೊಳ್ಳೋಣ. ಡಿಸ್ಚಾರ್ಜ್ ಸಮರಿಯಲ್ಲಿ ಎರಡೇ ಸಾಲು: ಡೆಂಗಿ ಜ್ವರ, ಚಿಕಿತ್ಸೆಯ ನಂತರ ಸುಧಾರಣೆ. ಇಷ್ಟನ್ನೇ ಓದಿದವರು ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ನರ್ಸಿಂಗ್ ಚಾರ್ಟು ತೆರೆದರೆ ಬೇರೆಯೇ ಕಥೆ. ನೀರು ಕುಡಿದರೂ ವಾಂತಿ, ಹೊಟ್ಟೆನೋವು, ಬಿಪಿ ಇಳಿದದ್ದು, ಪ್ಲೇಟ್‌ಲೆಟ್ ದಿನದಿಂದ ದಿನಕ್ಕೆ ಕುಸಿದದ್ದು, ರಾತ್ರಿಯಿಡೀ ಡ್ರಿಪ್ ಹಾಕಿದ್ದು ಎಲ್ಲವೂ ಗಂಟೆ ಸಮೇತ ಅಲ್ಲಿದೆ. ಸೇರಿಸಿಕೊಳ್ಳಬೇಕಾದ ಕಾರಣ ಆಸ್ಪತ್ರೆಯೊಳಗೇ ಬರೆದಿತ್ತು, ಕಂಪನಿಗೆ ಹೋದ ಕಾಗದದಲ್ಲಿ ಮಾತ್ರ ಇರಲಿಲ್ಲ.

ಎಐ ಸಾಧನವಿರುವ ಆಸ್ಪತ್ರೆಯಲ್ಲಿ ಸಮರಿ ಹೊರಡುವ ಮೊದಲೇ ಡಾಕ್ಟರ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ: ದಾಖಲಾತಿಗೆ ಕಾರಣ ಬರೆದಿಲ್ಲ, ಚಾರ್ಟಿನಲ್ಲಿ ಈ ಅಂಶಗಳಿವೆ, ಸೇರಿಸಬೇಕೇ? ಡಾಕ್ಟರು ಓದಿ, ಸರಿಯೆನಿಸಿದರೆ ಸೇರಿಸಿ ಸಹಿ ಹಾಕುತ್ತಾರೆ. ಅಜ್ಜಿಯ ಶುಗರಿನ ವಿಷಯದಲ್ಲೂ ಹಾಗೆಯೇ. ಹಳೆಯ ಲ್ಯಾಬ್ ರಿಪೋರ್ಟಿನ ಪ್ರಕಾರ ನಾಲ್ಕು ವರ್ಷ, ದಾಖಲಾತಿ ಚೀಟಿಯಲ್ಲಿ ಹತ್ತು ವರ್ಷ, ಎರಡರಲ್ಲಿ ಯಾವುದು ಸರಿ ಎಂದು ಅದು ಕೇಳಬಲ್ಲದು. ಉತ್ತರ ಹೇಳಬೇಕಾದವರು ಡಾಕ್ಟರು, ಹಳೆಯ ದಾಖಲೆ ನೋಡಿ. ದಾಖಲೆಯಿಲ್ಲದೆ ಹತ್ತನ್ನು ನಾಲ್ಕು ಮಾಡಿದರೆ ಅದು ತಿದ್ದುಪಡಿಯಲ್ಲ, ವಂಚನೆ. ಮುಂದೆ ನಿಜವಾದ ಕ್ಲೇಮಿಗೂ ಅದು ಮುಳುವಾಗುತ್ತದೆ.

ಈ ಕೆಲಸ ಸುಲಭವಾಗಬೇಕಾದರೆ ಕಾಗದಗಳೆಲ್ಲ ಒಂದೇ ನಮೂನೆಯಲ್ಲಿರಬೇಕು. ಈಗ ಒಂದೊಂದು ಕಂಪನಿಗೆ ಒಂದೊಂದು ಪೋರ್ಟಲ್ಲು, ಒಂದೊಂದು ಫಾರಂ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಕಟ್ಟಿರುವ ಎನ್‌ಎಚ್‌ಸಿಎಕ್ಸ್ ಎಂಬ ವ್ಯವಸ್ಥೆಯ ಉದ್ದೇಶ ಆಸ್ಪತ್ರೆ ಮತ್ತು ಕಂಪನಿಗಳ ನಡುವೆ ಕ್ಲೇಮುಗಳು ಒಂದೇ ಹಾದಿಯಲ್ಲಿ, ಒಂದೇ ಮಾದರಿಯಲ್ಲಿ ಓಡಾಡುವಂತೆ ಮಾಡುವುದು.

ಇದೇ ಯಂತ್ರ ಆಚೆ ಬದಿಯಲ್ಲೂ ಕೂತಿದೆ

ವಿಮಾ ಕಂಪನಿಗಳೂ ಕ್ಲೇಮು ಪರಿಶೀಲನೆಗೆ, ವಂಚನೆ ಪತ್ತೆಗೆ ಯಂತ್ರ ಬಳಸುತ್ತವೆ. ಅದು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಅಮೆರಿಕ ಕಣ್ಣೆದುರಿನ ಉದಾಹರಣೆ. ಸಿಗ್ನಾ ಕಂಪನಿಯ ಡಾಕ್ಟರುಗಳು 2022ರಲ್ಲಿ ಎರಡು ತಿಂಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಕ್ಲೇಮುಗಳನ್ನು ಒಂದು ಕಂಪ್ಯೂಟರ್ ವ್ಯವಸ್ಥೆಯ ನೆರವಿನಿಂದ ತಿರಸ್ಕರಿಸಿದರು, ಒಂದೊಂದಕ್ಕೆ ಸರಾಸರಿ 1.2 ಸೆಕೆಂಡು ಕೊಟ್ಟರು ಎಂದು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2023ರಲ್ಲಿ ವರದಿ ಮಾಡಿತು. ಕಂಪನಿ ಈ ಚಿತ್ರಣವನ್ನು ಒಪ್ಪಲಿಲ್ಲ. ಅದೇ ವರ್ಷ ಯುನೈಟೆಡ್‌ಹೆಲ್ತ್ ಕಂಪನಿಯ ಮೇಲೆ, ವಯಸ್ಸಾದ ರೋಗಿಗಳ ಆರೈಕೆಯನ್ನು ಅಲ್ಗಾರಿದಂ ಮಾತು ಕೇಳಿ ಮೊಟಕುಗೊಳಿಸಿದೆ ಎಂಬ ದಾವೆ ಹೂಡಲಾಯಿತು. ಆ ಸಾಧನ ಬರೀ ಮಾರ್ಗದರ್ಶಿ, ತೀರ್ಮಾನ ಅದರದಲ್ಲ ಎಂಬುದು ಕಂಪನಿಯ ಉತ್ತರ. ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿ 1ರಿಂದ ಕಾನೂನನ್ನೇ ತಂದಿತು: ಚಿಕಿತ್ಸೆ ಅಗತ್ಯವೇ ಅಲ್ಲವೇ ಎಂದು ಪರವಾನಗಿ ಪಡೆದ ವೈದ್ಯರೇ ನಿರ್ಧರಿಸಬೇಕು, ಯಂತ್ರ ತಾನಾಗಿ ನಿರಾಕರಿಸುವಂತಿಲ್ಲ.

ನಮ್ಮಲ್ಲಿ 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆ ಕೆಲವು ಬೇಲಿಗಳನ್ನು ಹಾಕಿದೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಬರಬೇಕು. ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಸಿಗಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದು ತಿಳಿಸಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ರಿಜೆಕ್ಟ್ ಆಗಿದೆ" ಎಂದರೆ ಆ ಪತ್ರ ಎಲ್ಲಿ ಎಂದು ಕೇಳುವ ಹಕ್ಕು ನಮಗಿದೆ.

ಕೈಯಲ್ಲಿರುವ ಫೋನಿನಿಂದ ಏನು ಮಾಡಬಹುದು

ಪಾಲಿಸಿ ಪುಸ್ತಕವನ್ನು ಓದಿಸುವುದು ಎಲ್ಲಕ್ಕಿಂತ ಉಪಯುಕ್ತ. ಪಿಡಿಎಫ್ ಕೊಟ್ಟು ಕನ್ನಡದಲ್ಲೇ ಕೇಳಿ: "ಮಂಡಿ ಬದಲಾವಣೆಗೆ ಎಷ್ಟು ಕಾಲ ಕಾಯಬೇಕು? ಯಾವ ಪುಟ, ಯಾವ ಷರತ್ತು? ಮೂಲ ಇಂಗ್ಲಿಷ್ ವಾಕ್ಯವನ್ನು ಇದ್ದ ಹಾಗೇ ಕೊಡು." ಕೊನೆಯ ಭಾಗ ಬಿಡಬೇಡಿ. ಎಐ ಕೆಲವೊಮ್ಮೆ ಇಲ್ಲದ ಷರತ್ತನ್ನು, ನಡೆಯದ ಕೋರ್ಟು ತೀರ್ಪನ್ನು ಬಹಳ ಧೈರ್ಯದಿಂದ ಹೇಳಿಬಿಡುತ್ತದೆ. ಪುಟ ತೆರೆದು ಆ ವಾಕ್ಯ ಅಲ್ಲಿದೆಯೇ ಎಂದು ಕಣ್ಣಾರೆ ನೋಡಿದ ಮೇಲಷ್ಟೇ ನಂಬಬೇಕು. ಪಾಲಿಸಿಯ ಮುಖ್ಯಾಂಶಗಳ ಮಾಹಿತಿ ಹಾಳೆಯನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ಕನ್ನಡದಲ್ಲಿ ಕೊಡಿ ಎಂದು ಕಂಪನಿಗೆ ಒಂದು ಇಮೇಲ್ ಹಾಕಿ. ಎಐಯ ಅನುವಾದಕ್ಕಿಂತ ಆ ಹಾಳೆಗೆ ಬೆಲೆ ಹೆಚ್ಚು, ಏಕೆಂದರೆ ಅದನ್ನು ಕೊಟ್ಟವರೇ ಅದಕ್ಕೆ ಹೊಣೆ.

ಡಿಸ್ಚಾರ್ಜ್ ದಿನ ಸಮರಿಯ ಕರಡು ಸಿಕ್ಕರೆ ಹೀಗೆ ಕೇಳಬಹುದು: ಇದರಲ್ಲಿ ಎಷ್ಟು ವರ್ಷದ ಕಾಯಿಲೆ ಎಂದು ಎಲ್ಲಾದರೂ ಬರೆದಿದೆಯೇ, ಏಕೆ ಸೇರಿಸಿಕೊಂಡರು ಎಂಬುದು ಇದೆಯೇ, ದಿನಾಂಕಗಳು ಒಂದಕ್ಕೊಂದು ಹೊಂದುತ್ತವೆಯೇ? ತಪ್ಪು ಕಂಡರೆ ಸಮರಿ ಕಂಪನಿಗೆ ಹೋಗುವ ಮೊದಲೇ ಡಾಕ್ಟರ ಗಮನಕ್ಕೆ ತರಬೇಕು. ಹೋದ ಮೇಲೆ ಅದೇ ತಿದ್ದುಪಡಿಯನ್ನು ಕಂಪನಿ ಅನುಮಾನದಿಂದ ನೋಡುತ್ತದೆ.

ಕಾಯಿಲೆಯ ವಿವರ ಮನೆಯ ಗುಟ್ಟು ಎಂಬುದೂ ನೆನಪಿರಲಿ. ಕಾಗದ ಹಾಕುವ ಮುನ್ನ ಹೆಸರು, ಆಧಾರ್, ಫೋನ್, ಪಾಲಿಸಿ ಸಂಖ್ಯೆಗಳನ್ನು ಮರೆಮಾಡಿ. ಪ್ರಶ್ನೆಗೆ ಅವುಗಳ ಅಗತ್ಯ ಇರುವುದಿಲ್ಲ.

ತಿರಸ್ಕಾರವಾಗಿಯೇಬಿಟ್ಟರೆ

ಅಮೆರಿಕದ ಸರ್ಕಾರಿ ವಿಮಾ ಮಾರುಕಟ್ಟೆಯ 2023ರ ಲೆಕ್ಕವನ್ನು ಕೆಎಫ್‌ಎಫ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ ಬಿಡಿಸಿ ನೋಡಿದಾಗ, ಕಂಪನಿಯೊಡನೆ ಒಪ್ಪಂದವಿರುವ, ಅಂದರೆ ಜಾಲದೊಳಗಿನ ಆಸ್ಪತ್ರೆಗಳ ಕ್ಲೇಮುಗಳಲ್ಲೇ ಸುಮಾರು ಶೇ 19 ನಿರಾಕರಣೆಯಾಗಿದ್ದವು, ಹಾಗೆ ನಿರಾಕರಣೆಯಾದವುಗಳಲ್ಲಿ ಮೇಲ್ಮನವಿ ಹೋದದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪತ್ರ ಬರೆಯುವುದೇ ಜನರಿಗೆ ಬೆಟ್ಟದಂತೆ ಕಾಣುತ್ತದೆ. ಆ ಬೆಟ್ಟವನ್ನು ಎಐ ನಿಜಕ್ಕೂ ಕರಗಿಸುತ್ತದೆ. ತಿರಸ್ಕಾರ ಪತ್ರ, ಪಾಲಿಸಿಯ ಆ ಷರತ್ತು, ಡಾಕ್ಟರ ಟಿಪ್ಪಣಿ ಈ ಮೂರನ್ನು ಕೊಟ್ಟು "ಕಂಪನಿ ಹೇಳಿದ ಕಾರಣಕ್ಕೆ ಮಾತ್ರ ಉತ್ತರ ಬರೆ, ಈ ಕಾಗದಗಳಲ್ಲಿ ಇಲ್ಲದ್ದನ್ನು ಸೇರಿಸಬೇಡ" ಎಂದರೆ ಒಂದು ಪುಟದ ಕರಡು ಸಿಗುತ್ತದೆ.

ಅದು ಮೊದಲು ಹೋಗಬೇಕಾದದ್ದು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ಲಿನಲ್ಲೂ ದೂರು ದಾಖಲಿಸಬಹುದು, 155255ಕ್ಕೆ ಕರೆಯನ್ನೂ ಮಾಡಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಕೇಳುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಅವರು ಕೊಡುವ ಆದೇಶಕ್ಕೆ ಕಂಪನಿ ಬದ್ಧ.

ಎಐ ತಿದ್ದಲಾಗದ ಕಾಗದ

ಎಲ್ಲ ಕ್ಲೇಮಿನ ಬುಡದಲ್ಲಿ ಒಂದು ಹಳೆಯ ಕಾಗದ ಇರುತ್ತದೆ: ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರಂ. ಬಿಪಿ ಇದೆಯೇ, ಶುಗರ್ ಇದೆಯೇ, ಆಪರೇಷನ್ ಆಗಿತ್ತೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಬಹಳ ಮನೆಗಳಲ್ಲಿ ಅದನ್ನು ತುಂಬುವವರು ಬೇರೆಯವರು, ಸಹಿ ಅಥವಾ ಓಟಿಪಿ ಮಾತ್ರ ನಮ್ಮದು. ಅಲ್ಲಿ "ಇಲ್ಲ" ಎಂದು ಗುರುತಾಗಿದ್ದರೆ ಆಮೇಲೆ ಎಂಥ ಎಐ ಬಂದರೂ ಅದನ್ನು "ಹೌದು" ಮಾಡಲಾರದು.

ಈ ಲೇಖನಕ್ಕಾಗಿ ಓದುತ್ತಿದ್ದಾಗ ನಮ್ಮ ಮನೆಯ ಪಾಲಿಸಿಯ ಇಮೇಲನ್ನೂ ಹುಡುಕಿ ತೆಗೆದೆ. ಪಿಡಿಎಫ್‌ನ ಕೊನೆಯಲ್ಲಿ ಪ್ರಪೋಸಲ್ ಪ್ರತಿ ಇತ್ತು. ಅಪ್ಪನ ಹೆಸರಿನ ಮುಂದೆ ಬಿಪಿಯ ಪ್ರಶ್ನೆಗೆ "ಇಲ್ಲ" ಎಂದಿತ್ತು. ಅಪ್ಪ ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗುತ್ತಾರೆ, ಫಾರಂ ತುಂಬಿದವರಿಗೆ ಅದನ್ನು ಹೇಳಿಯೂ ಇದ್ದರು. ಮಾತ್ರೆ ಚೀಟಿಯ ನಕಲು ಲಗತ್ತಿಸಿ, ಈ ವಿವರ ಸರಿಪಡಿಸಿ ಎಂದು ಕಂಪನಿಗೆ ಬರೆದೆವು. ಅವರು ಎರಡು ರಿಪೋರ್ಟು ಕೇಳಿದರು, ಕಳಿಸಿದೆವು. ಹೊಸದಾಗಿ ಬಂದ ಪಾಲಿಸಿ ಹಾಳೆಯಲ್ಲಿ ಅಪ್ಪನ ಹೆಸರಿನ ಪಕ್ಕ ಈಗ ಬಿಪಿ ಎಂದು ನಮೂದಾಗಿದೆ.